ನನಗೂ ಹಾಗೇ ಆಗಿತ್ತು

ನಮ್ಮವರ ನಡುವೆ ಕಾಯಿಲೆಗಳಿಗೂ ಒಂದು ಅಂತಸ್ತು ಇದೆ. ಹೃದಯದ ಬೈಪಾಸ್ ಮಾಡಿಸಿಕೊಂಡವರು ಅದನ್ನು ಮುಚ್ಚಿಡುವುದಿಲ್ಲ. ಎಷ್ಟು ಕಡೆ ಬ್ಲಾಕ್ ಇತ್ತು, ಯಾವ ಕಾಲಿನಿಂದ ರಕ್ತನಾಳ ತೆಗೆದು ಜೋಡಿಸಿದರು ಎಂಬುದನ್ನೆಲ್ಲ ದೇವಸ್ಥಾನದ ಊಟದ ಹಾಲ್‌ನಲ್ಲಿ ಸಾರನ್ನ ಕಲಸುತ್ತಲೇ ವಿವರಿಸುತ್ತಾರೆ. ನಾವೂ ಕಣ್ಣರಳಿಸಿ ಕೇಳುತ್ತೇವೆ. ಮಂಡಿ ಬದಲಾಯಿಸಿಕೊಂಡವರಿಗೆ ಎದ್ದು ಕುರ್ಚಿ ಕೊಡುತ್ತೇವೆ. ಸಕ್ಕರೆ ಕಾಯಿಲೆಯಂತೂ ನಮಗೆ ನೆಂಟರಿದ್ದ ಹಾಗೆ. ಯಾರ ಮನೆಯಲ್ಲಿ ಇಲ್ಲ ಹೇಳಿ? ಆದರೆ ತೂಕ ಇಳಿಸಲು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮಾತ್ರ ಬಾಯಿ ಬಿಡುವುದಿಲ್ಲ. ಹರ್ನಿಯಾ ಆಪರೇಷನ್ ಎನ್ನುತ್ತಾರೆ, ಪಿತ್ತಕೋಶದಲ್ಲಿ ಕಲ್ಲಿತ್ತು ಎನ್ನುತ್ತಾರೆ. ಆರೆಂಟು ತಿಂಗಳ ನಂತರ ಯುಗಾದಿ ಕಾರ್ಯಕ್ರಮಕ್ಕೆ ಬಂದಾಗ ಹಳೆಯ ಜುಬ್ಬ ಮೈಮೇಲೆ ಜೋತಾಡುತ್ತಿರುತ್ತದೆ. "ಏನ್ರೀ ಇದು, ಅರ್ಧಕ್ಕರ್ಧ ಆಗ್ಬಿಟ್ಟಿದ್ದೀರಿ! ಏನು ಗುಟ್ಟು?" ಎಂದು ನಾವು ಸುತ್ತುವರಿಯುತ್ತೇವೆ. "ಏನಿಲ್ಲಪ್ಪ, ಅನ್ನ ಬಿಟ್ಟೆ, ದಿನಾ ವಾಕಿಂಗ್" ಎಂಬ ಉತ್ತರ ಬರುತ್ತದೆ.

ಈ ಉತ್ತರದಲ್ಲಿ ಪೂರ್ತಿ ಸುಳ್ಳೇನೂ ಇಲ್ಲ. ಅನ್ನ ಬಿಟ್ಟಿದ್ದೂ ನಿಜ, ನಡೆಯುತ್ತಿರುವುದೂ ನಿಜ. ಆದರೆ ಆ ಗುಂಪಿನಲ್ಲಿ ಸ್ವಲ್ಪ ಹಿಂದೆ ನಿಂತು, ನಗುತ್ತಾ ಕೇಳಿಸಿಕೊಳ್ಳುತ್ತಿರುವ ಇನ್ನೊಬ್ಬರನ್ನು ನೆನೆಯೋಣ. ಅವರು ಅನ್ನವನ್ನು ಈಗಾಗಲೇ ನಾಲ್ಕು ಸಲ ಬಿಟ್ಟು, ನಾಲ್ಕು ಸಲ ಹಿಡಿದವರು. ಮನೆಯ ಬೇಸ್‌ಮೆಂಟಿನಲ್ಲಿ ಅವರ ಟ್ರೆಡ್‌ಮಿಲ್ ಇದೆ, ಈಗ ಅದರ ಮೇಲೆ ಬಟ್ಟೆ ಒಣಗುತ್ತದೆ. ಈ ಮಾತು ಕೇಳಿ ಮನೆಗೆ ಹೋಗಿ ಐದನೆಯ ಸಲ ಶುರು ಮಾಡುತ್ತಾರೆ. ಮೂರು ತಿಂಗಳಿಗೆ ಎಂಟು ಪೌಂಡ್ ಇಳಿದು, ಮುಂದಿನ ಮೂರು ತಿಂಗಳಿಗೆ ಹತ್ತು ಪೌಂಡ್ ಏರುತ್ತದೆ. "ಅವರಿಗೆ ಸಾಧ್ಯವಾಯಿತು, ನನಗೆ ಆಗಲಿಲ್ಲ, ಕೊರತೆ ನನ್ನಲ್ಲೇ ಇದೆ" ಎಂದುಕೊಳ್ಳುತ್ತಾರೆ. ಊಟದ ಹಾಲ್‌ನಲ್ಲಿ ಆಡಿದ ಒಂದು ನಿರಪಾಯದ ಮಾತು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಹಾಗಾದರೆ, ಒಂದು ಕಷ್ಟವನ್ನು ದಾಟಿ ಬಂದವರು, ಅದೇ ಕಷ್ಟದ ದಡದಲ್ಲಿ ನಿಂತವರಿಗೆ ಏನನ್ನು ಹೇಳಬೇಕು? ಎಷ್ಟನ್ನು ಹೇಳಬಾರದು? ಸುತ್ತ ನಿಂತ ನಮ್ಮೆಲ್ಲರ ಪಾಲು ಇದರಲ್ಲಿ ಏನು? ಈ ಮೂರು ಮಾತುಗಳನ್ನು ಈ ಸಂಚಿಕೆಯಲ್ಲಿ ಸ್ವಲ್ಪ ಯೋಚಿಸಬೇಕೆಂದಿದ್ದೇವೆ.

ಮುಚ್ಚಿಡುವುದು ಯಾಕೆ ಎಂಬುದನ್ನು ಮೊದಲು ನೋಡಬೇಕು. ದಪ್ಪಗಿರುವುದು ತಿನ್ನುವವರ ತಪ್ಪು, ಬಾಯಿಚಪಲದ ಫಲ ಎಂದು ನಾವು ನಂಬಿದ್ದೇವೆ. ಆದ್ದರಿಂದ ಶಸ್ತ್ರಚಿಕಿತ್ಸೆ ಎಂದರೆ ಪರೀಕ್ಷೆಯಲ್ಲಿ ಕಾಪಿ ಹೊಡೆದು ಪಾಸಾದ ಹಾಗೆ. ಇದು ಶಾಸ್ತ್ರಸಮ್ಮತ ಎಂದುಕೊಂಡವರಿಗೆ ಒಂದು ಸಂಗತಿ ಹೇಳಬೇಕು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಜನರಿಂದ ನಿಂದೆಗೆ ಒಳಗಾಗುವ ಎಂಟು ಬಗೆಯ ದೇಹಗಳ ಪಟ್ಟಿ ಇದೆ. ಅತಿ ಎತ್ತರ, ಅತಿ ಕುಳ್ಳು, ಅತಿ ಕಪ್ಪು, ಅತಿ ಬಿಳುಪು ಇವುಗಳ ಜೊತೆಗೆ ಅತಿ ಸ್ಥೂಲರೂ ಇದ್ದಾರೆ, ಅತಿ ಕೃಶರೂ ಇದ್ದಾರೆ. ಆ ಪಟ್ಟಿ ಓದಿದರೆ ನಿಂದೆಗೂ ನಿಂದೆಗೆ ಒಳಗಾದವರ ನಡತೆಗೂ ಸಂಬಂಧವಿರಬೇಕಿಲ್ಲ ಎಂಬುದು ಗೊತ್ತಾಗುತ್ತದೆ. ಎತ್ತರವಾಗಿ ಹುಟ್ಟಿದ್ದು ಯಾರ ತಪ್ಪು? ಇನ್ನೂ ಸ್ವಾರಸ್ಯವಾದದ್ದೆಂದರೆ, ಸ್ಥೂಲತೆಗೆ ಕಾರಣಗಳನ್ನು ಹೇಳುವಾಗ ಅತಿಯಾದ ಊಟ, ಸಿಹಿ, ಜಿಡ್ಡು, ವ್ಯಾಯಾಮ ಇಲ್ಲದಿರುವುದು, ಹಗಲುನಿದ್ದೆ ಇವನ್ನೆಲ್ಲ ಎಣಿಸಿ, ಕೊನೆಯಲ್ಲಿ ಬೀಜದ ಸ್ವಭಾವವನ್ನೂ ಸೇರಿಸಿದ್ದಾರೆ. ಅಂದರೆ ತಂದೆತಾಯಿಯಿಂದ ಬಂದದ್ದು. ವಂಶವಾಹಿಯ ಸುಳಿವಿಲ್ಲದ ಕಾಲದ ವೈದ್ಯರಿಗೆ ತೋರಿದ್ದು, ಕಾಲೇಜಿನಲ್ಲಿ ಅಷ್ಟೆಲ್ಲ ಓದಿ ಬಂದ ನಮಗೆ ತೋರದಿರುವುದು ಸೋಜಿಗವೇ.

ಈಗಿನ ವೈದ್ಯಶಾಸ್ತ್ರ ಅದನ್ನೇ ಇನ್ನಷ್ಟು ವಿವರವಾಗಿ ಹೇಳುತ್ತದೆ. ತೂಕ ಇಳಿದಾಗ ದೇಹ ಅದನ್ನು ಬರಗಾಲ ಎಂದು ತಿಳಿಯುತ್ತದೆ. ಹಸಿವಿನ ಹಾರ್ಮೋನು ಹೆಚ್ಚುತ್ತದೆ, ಶಕ್ತಿಯ ಖರ್ಚು ಕಡಿಮೆಯಾಗುತ್ತದೆ, ಕಳೆದುಕೊಂಡದ್ದನ್ನು ಮರಳಿ ಪಡೆಯುವವರೆಗೆ ದೇಹ ಜಗ್ಗಾಡುತ್ತದೆ. ಶಸ್ತ್ರಚಿಕಿತ್ಸೆ ಈ ಜಗ್ಗಾಟದಲ್ಲಿ ಕೈಹಾಕುತ್ತದೆ. ಇಂದು ಹೆಚ್ಚಾಗಿ ಮಾಡುವುದು ಎರಡು ಬಗೆ. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಭಾಗ ಅಥವಾ ಇನ್ನೂ ಸ್ವಲ್ಪ ಹೆಚ್ಚನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯ ಆಕಾರದ ಕೊಳವೆಯಾಗಿ ಬಿಡುತ್ತಾರೆ. ಹಸಿವಿನ ಹಾರ್ಮೋನು ಹೆಚ್ಚಾಗಿ ಹುಟ್ಟುವ ಭಾಗವೂ ಅದರ ಜೊತೆಗೆ ಹೋಗುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಸುಮಾರು 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚದಷ್ಟು ಹಿಡಿಯುವ ಪುಟ್ಟ ಚೀಲವನ್ನು ಮಾಡಿ, ಕರುಳನ್ನು ನೇರ ಅದಕ್ಕೆ ಜೋಡಿಸುತ್ತಾರೆ. ಎರಡರಲ್ಲೂ ಊಟ ಕಡಿಮೆಯಾಗುವುದರ ಜೊತೆಗೆ ಕರುಳಿನಿಂದ ಮಿದುಳಿಗೆ ಹೋಗುವ ಹಸಿವು ತೃಪ್ತಿಗಳ ಸಂದೇಶವೇ ಬದಲಾಗುತ್ತದೆ.

ಇದರ ಲೆಕ್ಕಾಚಾರವೂ ಬದಲಾಗಿದೆ, ನಮ್ಮವರು ತಿಳಿದಿರಬೇಕು. 1991ರ ಅಮೆರಿಕದ ಮಾರ್ಗಸೂಚಿಯಂತೆ ಬಿ.ಎಂ.ಐ. 40 ಇದ್ದವರಿಗೆ, ಅಥವಾ 35ರ ಜೊತೆಗೆ ಬೇರೆ ಕಾಯಿಲೆ ಇದ್ದವರಿಗೆ ಮಾತ್ರ ಈ ಚಿಕಿತ್ಸೆ. 2022ರಲ್ಲಿ ತಜ್ಞರ ಸಂಘಗಳು ಇದನ್ನು ಪರಿಷ್ಕರಿಸಿ, ಬೇರೆ ಕಾಯಿಲೆ ಇಲ್ಲದಿದ್ದರೂ 35 ಸಾಕು ಎಂದವು. ಏಷ್ಯಾದ ಮೂಲದವರಿಗೆ 27.5ಕ್ಕೇ ಈ ಆಯ್ಕೆಯನ್ನು ಮುಂದಿಡಬೇಕು ಎಂದವು. ಐದು ಅಡಿ ಏಳು ಇಂಚು ಎತ್ತರದವರಿಗೆ 35 ಎಂದರೆ ಸುಮಾರು 101 ಕೆ.ಜಿ., 27.5 ಎಂದರೆ ಸುಮಾರು 80 ಕೆ.ಜಿ. ನಮ್ಮ ಮೈಯಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ, ಹೃದ್ರೋಗ ಕಾಣಿಸಿಕೊಳ್ಳುವುದೇ ಈ ವ್ಯತ್ಯಾಸಕ್ಕೆ ಕಾರಣ. (ಇನ್ಶೂರೆನ್ಸ್ ಕಂಪನಿ ಇದಕ್ಕೆಲ್ಲ ಹೂಂ ಅನ್ನುತ್ತದೆಯೇ ಎಂಬುದು ಬೇರೆ ಮಾತು.) ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2007ರಲ್ಲಿ ಬಂತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ, ಸರಾಸರಿ ಹನ್ನೊಂದು ವರ್ಷಗಳ ಅವಧಿಯಲ್ಲಿ, ಸಾವಿನ ಅಪಾಯ ಶೇಕಡಾ 29ರಷ್ಟು ಕಡಿಮೆ ಕಂಡಿತ್ತು. ಅಪಾಯವೇ ಇಲ್ಲವೆಂದಲ್ಲ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಮೊದಲ ಮೂವತ್ತು ದಿನಗಳಲ್ಲಿ ಸಾವಿರಕ್ಕೆ ಮೂವರು ತೀರಿಕೊಂಡಿದ್ದರು. ಸಾವಿರಕ್ಕೆ ಮೂರು ಎಂಬುದು ಕೇಳುವವರಿಗೆ ಚಿಕ್ಕ ಸಂಖ್ಯೆ, ಆಪರೇಷನ್ ಟೇಬಲ್ಲಿನ ಮೇಲೆ ಮಲಗುವವರಿಗೆ ಅಲ್ಲ. ಇಷ್ಟನ್ನು ತಿಳಿದೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರನ್ನು ಸುಲಭದ ದಾರಿ ಹಿಡಿದವರು ಎಂದು ಕರೆಯಲು ನಮಗೆ ನಾಲಿಗೆ ಏಳುವುದಿಲ್ಲ.

ಇಷ್ಟೂ ಡಾಕ್ಟರು ಹೇಳಬಲ್ಲ ವಿಷಯ. ಡಾಕ್ಟರು ಹೇಳಲಾಗದ್ದು ಇನ್ನೊಂದಿದೆ. ಹತ್ತನೆಯ ದಿನ ಅರ್ಧ ಬಟ್ಟಲು ತಿಳಿಸಾರು ಕುಡಿಯಲು ಅರ್ಧ ಗಂಟೆ ಹಿಡಿದಾಗ, "ಅಯ್ಯೋ, ಚೆನ್ನಾಗಿದ್ದ ಹೊಟ್ಟೆಯನ್ನು ನಾನೇ ಕೊಯ್ಯಿಸಿಕೊಂಡೆನಲ್ಲ" ಎಂದು ಅಡುಗೆಮನೆಯಲ್ಲಿ ನಿಂತು ಅಳು ಬರುತ್ತದೆ. ನಾಲ್ಕನೆಯ ತಿಂಗಳು ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಕೈತುಂಬ ಸಂಬಳ, ಮನೆತುಂಬ ಜನ ಇದ್ದರೂ ಆ ಹೊತ್ತಿನ ಒಂಟಿತನ ದೊಡ್ಡದು. ಆಗ ಬೇಕಾದದ್ದು ಒಂದೇ ವಾಕ್ಯ: "ನನಗೂ ಹಾಗೇ ಆಗಿತ್ತು." ಕೂದಲು ಉದುರುವುದು ಸಾಮಾನ್ಯ, ಹೆಚ್ಚಿನವರಿಗೆ ಮತ್ತೆ ಬರುತ್ತದೆ ಎಂದು ಕರಪತ್ರದಲ್ಲೂ ಬರೆದಿರುತ್ತದೆ. ಆದರೆ ಕರಪತ್ರಕ್ಕೆ ತಲೆಯಿಲ್ಲ, ತಲೆಯಲ್ಲಿ ಮತ್ತೆ ಬೆಳೆದ ಕೂದಲಿಲ್ಲ. ಎದುರಿಗೆ ಕೂತು ಹೇಳುವವರಿಗೆ ಅದು ಇದೆ.

1935ರಲ್ಲಿ ಒಹಾಯೋದ ಏಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡಿತದಿಂದ ಬಳಲಿದವರು ಭೇಟಿಯಾಗಿ ಮಾತಾಡಿಕೊಂಡರು. ಒಬ್ಬರು ಷೇರುಪೇಟೆಯವರು, ಇನ್ನೊಬ್ಬರು ಸ್ವತಃ ವೈದ್ಯರು. ವೈದ್ಯಕೀಯ ಜ್ಞಾನ ವೈದ್ಯರ ತಲೆಯಲ್ಲೇ ಇತ್ತು, ಆದರೂ ಅದರಿಂದ ಕುಡಿತ ಬಿಡಲಾಗಿರಲಿಲ್ಲ. ತನ್ನಂತೆಯೇ ನರಳಿದ ಇನ್ನೊಬ್ಬರ ಮಾತು ಒಳಕ್ಕೆ ಇಳಿಯಿತು. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹೀಗೆ. ತೂಕದ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳೂ ಇಂಥ ಬೆಂಬಲದ ಗುಂಪುಗಳನ್ನು ನಡೆಸುತ್ತವೆ, ಮಾಡಿಸಿಕೊಂಡವರೂ ಮಾಡಿಸಿಕೊಳ್ಳಲಿರುವವರೂ ಸುತ್ತ ಕೂರುತ್ತಾರೆ.

ನಮ್ಮವರು ಅಲ್ಲಿಗೆ ಹೋದರೆ ಏನಾಗುತ್ತದೆ? ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತಾರೆ. ಉಳಿದವರು ಟರ್ಕಿ, ಟ್ಯೂನಾ, ಮೊಟ್ಟೆ ಎಂದು ಹಂಚಿಕೊಳ್ಳುತ್ತಿದ್ದರೆ ಈರುಳ್ಳಿ ಬೆಳ್ಳುಳ್ಳಿಗೂ ಯೋಚಿಸುವ ಮನೆಯಿಂದ ಬಂದವರು ನೋಟ್‌ಬುಕ್ಕಿನಲ್ಲಿ ಏನು ಬರೆದುಕೊಳ್ಳಬೇಕು? ತಿಳಿಸಾರು ಕುಡಿದರೆ ಬೇಳೆಯ ಪ್ರೋಟೀನ್ ಸಿಗುತ್ತದೆ ಎಂದುಕೊಂಡಿದ್ದರೆ, ಬೇಳೆ ಪಾತ್ರೆಯ ತಳದಲ್ಲೇ ಉಳಿದಿರುತ್ತದೆ. ರಾಗಿ ಅಂಬಲಿ ನಮಗೆ ಅಮ್ಮನಿಗೆ ಸಮಾನ, ಸುಣ್ಣದ ಅಂಶ ಬೇಕಾದಷ್ಟಿದೆ, ಪ್ರೋಟೀನ್ ಮಾತ್ರ ಕಡಿಮೆ. ದಪ್ಪ ಮೊಸರು, ಪುಡಿಮಾಡಿದ ಪನೀರ್, ತೋಫು, ನುಣ್ಣಗೆ ಅರೆದ ಬೇಳೆ, ಮಜ್ಜಿಗೆಗೆ ಕದಡಿದ ವೇ ಪುಡಿ ಇವುಗಳನ್ನು ಯಾವ ವಾರಕ್ಕೆ ಹೇಗೆ ಸೇರಿಸಿಕೊಳ್ಳುವುದು, ಡಯಟಿಷಿಯನ್ ಕೊಟ್ಟ ಇಂಗ್ಲಿಷ್ ಪಟ್ಟಿಯನ್ನು ನಮ್ಮ ಅಡುಗೆಗೆ ಹೇಗೆ ಇಳಿಸುವುದು ಎಂಬುದನ್ನು ಆ ದಾರಿಯಲ್ಲಿ ನಡೆದ ನಮ್ಮವರೇ ಹೇಳಬೇಕು. ಮೆತ್ತಗಿನ ಅನ್ನ, ದೋಸೆ, ಬ್ರೆಡ್ ಗಂಟಲ ಕೆಳಗೆ ಉಂಡೆಗಟ್ಟಿ ನಿಲ್ಲುವ ಸಂಕಟವನ್ನು ಅವರೇ ಬಲ್ಲರು. ಊಟದ ಜೊತೆಗೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಡಬೇಕು ಎಂಬ ನಿಯಮ, ಸಾರು ಸುರಿದು ಕಲಸಿ ಉಣ್ಣುವ ನಮಗೆ ಎಷ್ಟು ಕಷ್ಟ ಎಂಬುದೂ ಅವರಿಗೇ ಗೊತ್ತು.

ಇನ್ನು ಕೆಲವು ಪ್ರಶ್ನೆಗಳನ್ನು ಆ ಗುಂಪಿನಲ್ಲಿ ಕೇಳಲು ನಮಗೆ ಸಂಕೋಚ. ವಿಟಮಿನ್ ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಜೆಲಟಿನ್, ಅದು ಪ್ರಾಣಿಜನ್ಯ. ಇದನ್ನು ತಿಳಿದು ವಿಟಮಿನ್ನನ್ನೇ ನಿಲ್ಲಿಸಿಬಿಟ್ಟರೆ ಮುಂದೆ ದೊಡ್ಡ ತೊಂದರೆ. ಚೀಪುವ ಮಾತ್ರೆಗಳಲ್ಲಿ, ಪುಡಿಗಳಲ್ಲಿ ಸಸ್ಯಾಹಾರಿಗಳಿಗೆ ಒಪ್ಪುವಂಥವು ಸಿಗುತ್ತವೆ, ಕೇಳಿ ಪಡೆಯಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಚುಚ್ಚುಮದ್ದು ಹಂದಿಯ ಕರುಳಿನಿಂದ ತಯಾರಾದದ್ದು. ಇದು ಮನಸ್ಸಿಗೆ ಕಷ್ಟವಾಗುವವರು ಆಪರೇಷನ್ನಿನ ದಿನ ಗಾಬರಿಯಾಗುವ ಬದಲು ಮೊದಲೇ ಸರ್ಜನ್ ಹತ್ತಿರ ಮಾತಾಡಬೇಕು. ಅದನ್ನು ಬಿಟ್ಟುಬಿಡುವ ನಿರ್ಧಾರವನ್ನು ತಾವೇ ಮಾಡಬಾರದು. ಏಕಾದಶಿಯ ನಿರ್ಜಲ ಉಪವಾಸದ ಪ್ರಶ್ನೆಯೂ ಹೀಗೆಯೇ. ಗುಟುಕು ಗುಟುಕಾಗಿ ಮಾತ್ರ ಕುಡಿಯಲಾಗುವ ಹೊಟ್ಟೆಗೆ ಒಂದು ದಿನ ತಪ್ಪಿದ ನೀರನ್ನು ಮರುದಿನ ಒಟ್ಟಿಗೆ ಕುಡಿದು ಸರಿದೂಗಿಸಲಾಗುವುದಿಲ್ಲ. ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರಲು ನೀರಿನಂಶ ಕಡಿಮೆಯಾಗುವುದೇ ಒಂದು ಮುಖ್ಯ ಕಾರಣ. ರೋಗಿಗಳಿಗೆ ವ್ರತದಲ್ಲಿ ವಿನಾಯಿತಿ ಉಂಟೆಂದು ನಮ್ಮ ಅಜ್ಜಿಯರೇ ಹೇಳುತ್ತಿದ್ದರು.

ಇಷ್ಟೆಲ್ಲ ತಿಳಿದವರು ಬಾಯಿ ಮುಚ್ಚಿಕೊಂಡಿದ್ದರೆ ತಪ್ಪೇ? ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪುಣ್ಯಕೋಟಿಯ ಕಥೆ ಹೇಳಿ ಸತ್ಯವೇ ದೊಡ್ಡದು ಎಂದು ಕಲಿಸುತ್ತೇವೆ. ಆದರೆ ಪುಣ್ಯಕೋಟಿ ಉಳಿಸಿಕೊಂಡದ್ದು ತಾನು ಕೊಟ್ಟ ಮಾತನ್ನು. ಹಟ್ಟಿಯ ಹಸುಗಳೆಲ್ಲ ಸುತ್ತ ನಿಂತು "ನಿನ್ನ ಹೊಟ್ಟೆಯ ವಿಷಯ ಹೇಳು" ಎಂದು ಆಕೆಯನ್ನು ಕೇಳಿರಲಿಲ್ಲ. ತನ್ನ ದೇಹದ ಸಂಗತಿಯನ್ನು ಊರಿಗೆಲ್ಲ ಸಾರಬೇಕಾದ ಹಂಗು ಯಾರಿಗೂ ಇಲ್ಲ. ಅದರಲ್ಲೂ ಒಬ್ಬರಿಗೆ ಹೇಳಿದರೆ ಮುಂದಿನ ಭಾನುವಾರಕ್ಕೆ ನಲವತ್ತು ಮನೆಗೆ ತಲುಪಿ, ಅಲ್ಲಿಂದ ವಾಟ್ಸಾಪಿನಲ್ಲಿ ಮೈಸೂರಿನ ಅತ್ತೆಯವರೆಗೂ ಹೋಗುವ ನಮ್ಮಂಥ ಸಮುದಾಯ, ಸತ್ಯವನ್ನು ಕೇಳುವ ಯೋಗ್ಯತೆಯನ್ನು ಮೊದಲು ಸಂಪಾದಿಸಬೇಕು. "ಅಪ್ಪ ಅಮ್ಮನಿಗೆ ಹೇಳಿಲ್ಲ, ಗಾಬರಿಯಾಗುತ್ತಾರೆ" ಎಂದು ಮುಚ್ಚಿಟ್ಟವರನ್ನೂ ನಾವು ಅರ್ಥಮಾಡಿಕೊಳ್ಳಬೇಕು.

ಹಾಗಿದ್ದರೂ ಗುಂಪಿಗೆ ಕೊಡುವ ಉತ್ತರ ಬೇರೆ, ಬೇಕಾಗಿದ್ದು ಕೇಳುವವರಿಗೆ ಕೊಡುವ ಉತ್ತರ ಬೇರೆ. ಗುಂಪಿಗೆ "ಡಾಕ್ಟರ ಸಹಾಯ ತೆಗೆದುಕೊಂಡೆ" ಎಂದರೆ ಸಾಕು. ಅದು ಸುಳ್ಳಲ್ಲ, ಗುಟ್ಟೂ ಹೊರಬೀಳಲಿಲ್ಲ. ಹಿಂದೆ ನಿಂತು ಕೇಳಿಸಿಕೊಳ್ಳುತ್ತಿರುವವರಿಗೆ ಮಾತ್ರ ವಾಕಿಂಗಿನಿಂದಲೇ ಆದದ್ದಲ್ಲ ಎಂಬ ಸುಳಿವು ಸಿಕ್ಕಿತು. ಅವರು ಆಮೇಲೆ ಪಾರ್ಕಿಂಗ್ ಲಾಟಿನಲ್ಲಿ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದರೆ? ಅಲ್ಲಿ ಸುಮ್ಮನಿರುವುದು ನಮಗೆ ಸರಿ ಕಾಣುವುದಿಲ್ಲ. ದೇವಋಣ, ಪಿತೃಋಣದ ಜೊತೆಗೆ ಋಷಿಋಣ ಎಂದೊಂದನ್ನು ನಮ್ಮ ಹಿರಿಯರು ಎಣಿಸಿದ್ದಾರೆ. ಕಲಿತದ್ದನ್ನು ಮುಂದಿನವರಿಗೆ ದಾಟಿಸಿದರೆ ಮಾತ್ರ ತೀರುವ ಋಣ ಅದು. ಗ್ರಂಥ ಓದಿ ಕಲಿತದ್ದಕ್ಕೇ ಈ ಋಣ ಇದ್ದರೆ, ಮೈಕೊಟ್ಟು ಕಲಿತದ್ದಕ್ಕೆ ಇಲ್ಲದೆ ಇರುತ್ತದೆಯೇ?

ಆದರೆ ಇದೇ ವಾಕ್ಯಕ್ಕೆ ಇನ್ನೊಂದು ಮುಖವಿದೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಹಳೆಯ ನಗೆಮಾತು ಉಂಟು. ಪ್ರೋಗ್ರಾಂ ಕೆಟ್ಟಿದೆ ಎಂದು ಯಾರಾದರೂ ದೂರಿದರೆ, ಬರೆದವರು "ನನ್ನ ಮೆಷಿನ್‌ನಲ್ಲಿ ಸರಿಯಾಗಿ ಓಡುತ್ತಿದೆಯಲ್ಲ" ಅನ್ನುತ್ತಾರಂತೆ. ಅನುಭವಸ್ಥರ ಸಲಹೆ ಬಹಳ ಸಲ ಇದೇ ಜಾತಿಯದು. ಮೂರನೆಯ ವಾರದಲ್ಲಿ ಒಬ್ಬರಿಗೆ ಏನು ಕುಡಿದರೂ ವಾಂತಿ. ಸ್ನೇಹಿತರಿಗೆ ಫೋನ್ ಮಾಡುತ್ತಾರೆ. "ನನಗೂ ಹಾಗೇ ಆಗಿತ್ತು, ಎರಡು ದಿನದಲ್ಲಿ ಸರಿಹೋಯಿತು, ಶುಂಠಿ ಕಷಾಯ ಕುಡೀರಿ" ಎಂಬ ಸಮಾಧಾನ ಸಿಗುತ್ತದೆ. ಹೇಳಿದವರ ಮನಸ್ಸು ಒಳ್ಳೆಯದು, ಅವರಿಗೆ ಸರಿಹೋದದ್ದೂ ನಿಜ. ಆದರೆ ಥಯಾಮಿನ್ ಎಂಬ ಬಿ1 ವಿಟಮಿನ್ನಿನ ದಾಸ್ತಾನು ದೇಹದಲ್ಲಿ ಕೆಲವೇ ವಾರಗಳಿಗೆ ಸಾಲುವಷ್ಟು ಇರುತ್ತದೆ. ಬಿಡದೆ ವಾಂತಿಯಾದರೆ ಅದು ಬರಿದಾಗಿ, ಕಣ್ಣಿನ ಚಲನೆ ತಪ್ಪುತ್ತದೆ, ನಡಿಗೆ ತೂರಾಡುತ್ತದೆ, ನೆನಪು ಗೊಂದಲವಾಗುತ್ತದೆ. ಬೇಗ ಗುರುತಿಸಿ ಚುಚ್ಚುಮದ್ದು ಕೊಟ್ಟರೆ ಸರಿಹೋಗಬಹುದು, ತಡವಾದರೆ ಶಾಶ್ವತ. ಜ್ವರ, ಜೋರಾದ ಎದೆಬಡಿತ, ಹೆಚ್ಚುತ್ತಿರುವ ಹೊಟ್ಟೆನೋವು ಇದ್ದರೆ ಹೊಲಿಗೆಯಲ್ಲಿ ಸೋರಿಕೆ ಇರಬಹುದು. ಅದಕ್ಕೆ ದಿನಗಳಲ್ಲ, ಗಂಟೆಗಳ ಲೆಕ್ಕ. ಕೂದಲು ಉದುರಿದ ದಿನ ಔಷಧವಾಗಿದ್ದ ಮಾತು ವಾಂತಿಯ ದಿನ ವಿಷವಾಗುತ್ತದೆ. ಅಂಥ ಹೊತ್ತಿನಲ್ಲಿ ಅನುಭವಸ್ಥರು ಹೇಳಬೇಕಾದದ್ದು "ಫೋನ್ ಇಡಿ, ಈಗಲೇ ಸರ್ಜನ್ ಆಫೀಸಿಗೆ ಕರೆಮಾಡಿ, ಬೇಕಾದರೆ ನಾನೇ ಕಾರು ತರುತ್ತೇನೆ" ಎಂದು.

ಮಾತ್ರೆಗಳ ವಿಷಯವೂ ಅಷ್ಟೇ. "ನಾನು ಡಿಸ್ಚಾರ್ಜ್ ಆದ ದಿನವೇ ಸಕ್ಕರೆ ಮಾತ್ರೆ ನಿಲ್ಲಿಸಿದೆ" ಎಂದು ಒಬ್ಬರು ಹೆಮ್ಮೆಯಿಂದ ಹೇಳಿದ್ದನ್ನು ಕೇಳಿ ಇನ್ನೊಬ್ಬರು ತಾವೇ ಇನ್ಸುಲಿನ್ ನಿಲ್ಲಿಸಬಾರದು. ಹಳೆಯ ಡೋಸನ್ನೇ ಮುಂದುವರಿಸುವುದೂ ಅಪಾಯ. ಎರಡಕ್ಕೂ ಡಾಕ್ಟರೇ ಬೇಕು. ದೇವಸ್ಥಾನದಲ್ಲಿ ಯಾರಿಗಾದರೂ ತಲೆನೋವು ಬಂದರೆ ಹತ್ತು ಪರ್ಸುಗಳು ತೆರೆದು ಆ್ಯಡ್ವಿಲ್ ಹೊರಬರುವುದು ನಮ್ಮ ಪ್ರೀತಿಯ ಪದ್ಧತಿ. ಬೈಪಾಸ್ ಆದವರಿಗೆ ಆ ಬಗೆಯ ನೋವಿನ ಮಾತ್ರೆ ಹುಣ್ಣು ತರಬಹುದು, ಅದನ್ನು ಮುಟ್ಟಬಾರದೆಂದೇ ಹೇಳಿ ಕಳಿಸಿರುತ್ತಾರೆ. ಇನ್ನೊಂದು ವಿಷಯವನ್ನು ಈ ಪುಟಗಳಲ್ಲಿ ಬರೆಯಲು ಮುಜುಗರವಾದರೂ ಬರೆಯಬೇಕು. ಬೈಪಾಸಿನ ನಂತರ ಮದ್ಯ ಬಹಳ ಬೇಗ ತಲೆಗೇರುತ್ತದೆ. ಎರಡನೆಯ ವರ್ಷದ ಹೊತ್ತಿಗೆ ಕುಡಿತದ ಸಮಸ್ಯೆ ಹೆಚ್ಚುವುದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ. ನಮ್ಮ ವೀಕೆಂಡ್ ಪಾರ್ಟಿಗಳಲ್ಲಿ "ಒಂದೇ ಒಂದು ಪೆಗ್, ಏನೂ ಆಗಲ್ಲ" ಎನ್ನುವ ಮಿತ್ರರಿಗೆ ಇದು ಗೊತ್ತಿರಲಿ.

ಒಂದು ಹೊಸ ಬಗೆಯ ಪಕ್ಷಪಾತವೂ ಈಗ ಶುರುವಾಗಿದೆ. 2021ರಲ್ಲಿ ವಿಗೋವಿ, 2023ರಲ್ಲಿ ಜೆಪ್‌ಬೌಂಡ್ ಎಂಬ ಚುಚ್ಚುಮದ್ದುಗಳಿಗೆ ತೂಕ ಇಳಿಸಲು ಅಮೆರಿಕದಲ್ಲಿ ಅನುಮತಿ ಸಿಕ್ಕ ಮೇಲೆ, ಸೂಜಿ ಹಾಕಿಕೊಂಡವರು ಕತ್ತಿ ಬೇಡ ಎನ್ನುತ್ತಾರೆ, ಕತ್ತಿಗೆ ಮೈಕೊಟ್ಟವರು ಸೂಜಿ ನಿಲ್ಲಿಸಿದರೆ ತೂಕ ಮರಳುತ್ತದೆ ಎನ್ನುತ್ತಾರೆ. ತನ್ನ ಆಯ್ಕೆಯೇ ಸರಿ ಎಂದು ತನಗೆ ತಾನೇ ನಂಬಿಸಿಕೊಳ್ಳಲು ಇನ್ನೊಬ್ಬರನ್ನೂ ಅದೇ ದಾರಿಗೆ ಎಳೆಯುವುದು ಮನುಷ್ಯಸ್ವಭಾವ. ಅದು ಸಲಹೆಯ ವೇಷ ಹಾಕಿಕೊಂಡು ಬಂದಾಗ ಗುರುತಿಸುವುದು ಕಷ್ಟ. ಸಾಕ್ಷಿ ಹೇಳಲು ಕಟಕಟೆಗೆ ಬಂದವರು ಅಲ್ಲಿಂದಲೇ ತೀರ್ಪನ್ನೂ ಕೊಟ್ಟುಬಿಟ್ಟರೆ ಹೇಗೆ?

ಇನ್ನು ಸುತ್ತ ನಿಂತ ನಾವು. ಪ್ರಸಾದದ ಸಾಲಿನಲ್ಲಿ ಬಡಿಸುವವರಿಗೆ ಒಂದು ಚಮಚ ಎಂದರೆ ಒಂದು ಸೌಟು ಎಂದು ಕೇಳಿಸುತ್ತದೆ. "ಏನಮ್ಮ, ದೇವರ ಪ್ರಸಾದ, ಬೇಡ ಅನ್ನಬಾರದು" ಎಂದು ಸಕ್ಕರೆ ಪೊಂಗಲ್ ಹಾಕಿದರೆ, ಅದನ್ನು ತಿಂದವರು ಹತ್ತು ನಿಮಿಷಕ್ಕೆ ಬೆವರಿ, ಎದೆ ಬಡಿದುಕೊಂಡು, ತಲೆಸುತ್ತಿ, ಬಾತ್‌ರೂಮಿನ ನೆಲದ ಮೇಲೆ ಕೂರಬೇಕಾಗಬಹುದು. ಇದನ್ನು ಡಂಪಿಂಗ್ ಎನ್ನುತ್ತಾರೆ, ಸಿಹಿ ಕರುಳಿಗೆ ಒಮ್ಮೆಲೇ ಇಳಿಯುವುದರಿಂದ ಆಗುವಂಥದ್ದು. ಪ್ರಸಾದ ಕಣ್ಣಿಗೊತ್ತಿಕೊಂಡು ನಾಲಿಗೆಗೆ ಒಂದು ಕಾಳು ಮುಟ್ಟಿಸಿದರೂ ಪ್ರಸಾದವೇ. ತೀರ್ಥವನ್ನು ಯಾರಾದರೂ ಲೋಟದಲ್ಲಿ ಕೊಡುತ್ತಾರೆಯೇ? ಊರಿನಿಂದ ಆರು ತಿಂಗಳಿಗೆ ಬಂದ ಅತ್ತೆಯವರು "ಸೊರಗಿ ಹೋಗಿದ್ದೀಯ ಮಗು, ಒಂದೇ ತುತ್ತು" ಎಂದು ತಟ್ಟೆಯ ಮುಂದೆ ಕೂರುವುದು ಶುದ್ಧ ಪ್ರೀತಿ. ಅವರಿಗೆ ತಿಳಿಸಿ ಹೇಳುವ ಕೆಲಸ ಸೊಸೆಯದಲ್ಲ, ಮಗನದು. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಗರ್ಭ ಧರಿಸಬೇಡಿ ಎಂದು ಡಾಕ್ಟರು ಹೇಳಿರುತ್ತಾರೆ. ತೂಕ ಇಳಿದು ಕಳೆಯಾಗಿ ಕಾಣುವ ಆ ಹುಡುಗಿಯನ್ನು ನೋಡಿ ಸರಿಯಾಗಿ ಅದೇ ಸಮಯಕ್ಕೆ "ಏನಮ್ಮ, ಏನೂ ವಿಶೇಷ ಇಲ್ವಾ?" ಎಂದು ಕೇಳುವವರು ನಾವು. ಆ ಪ್ರಶ್ನೆಯನ್ನು ಯಾರಿಗೂ ಯಾವಾಗಲೂ ಕೇಳದಿರುವುದೇ ಮೇಲು ಎನ್ನುವುದು ನಮ್ಮ ಖಡಾಖಂಡಿತ ಅಭಿಪ್ರಾಯ.

ಮೊದಲ ವರ್ಷದ ಬೆಂಬಲ ಹೇಗೋ ಸಿಗುತ್ತದೆ. ತೂಕ ಇಳಿಯುತ್ತಿರುವಾಗ ಎಲ್ಲರೂ ನೆಂಟರೇ. ಕಷ್ಟ ಇರುವುದು ನಾಲ್ಕನೆಯ, ಐದನೆಯ ವರ್ಷದಲ್ಲಿ. ಎರಡನೆಯ ವರ್ಷದ ನಂತರ ಇಳಿದ ತೂಕದಲ್ಲಿ ಒಂದು ಪಾಲು ಮರಳುವುದು ಸಾಮಾನ್ಯ. ಆಗ ನಾಚಿಕೆಯಾಗಿ ಆಸ್ಪತ್ರೆಯ ಗುಂಪಿಗೆ ಹೋಗುವುದು ನಿಲ್ಲುತ್ತದೆ, ಡಾಕ್ಟರ ಭೇಟಿ ತಪ್ಪುತ್ತದೆ, ಅದರ ಹಿಂದೆಯೇ ವಿಟಮಿನ್ ಡಬ್ಬಿ ಅಲಮಾರಿನ ಮೂಲೆ ಸೇರುತ್ತದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವೆಲ್ಲ ಬದುಕಿರುವವರೆಗೂ ಬೇಕಾದವು. ಸಸ್ಯಾಹಾರಿಗಳಾದ ನಮ್ಮಲ್ಲಿ ಬಿ12 ಮೊದಲೇ ಕಡಿಮೆ, ಮೇಲೆ ಅದನ್ನು ಹೀರಿಕೊಳ್ಳುವ ದಾರಿಯೂ ಕಿರಿದಾಗಿರುತ್ತದೆ. ಪಾದ ಜುಮ್ಮೆನ್ನುವುದನ್ನು, ಸುಸ್ತನ್ನು, ಮರೆವನ್ನು ವಯಸ್ಸಾಯಿತು ಎಂದು ತಳ್ಳಿಹಾಕುತ್ತಾ ವರ್ಷಗಳು ಕಳೆದುಹೋಗುತ್ತವೆ. ಈ ಹೊತ್ತಿಗೆ ಅಭಿನಂದಿಸುವವರ ಗುಂಪು ಚದುರಿ ಬಹಳ ಕಾಲವಾಗಿರುತ್ತದೆ. ಪಾರ್ಕಿಂಗ್ ಲಾಟಿನಲ್ಲಿ ಅಂದು ತಗ್ಗಿದ ದನಿಯಲ್ಲಿ ಮಾತಾಡಿಕೊಂಡ ಆ ಇಬ್ಬರು ಮಾತ್ರ ಉಳಿದಿರುತ್ತಾರೆ. ಅವರಲ್ಲೊಬ್ಬರು ವರ್ಷಕ್ಕೊಮ್ಮೆ, ಸಂಕ್ರಾಂತಿಯ ಎಳ್ಳುಬೆಲ್ಲದ ನೆಪದಲ್ಲಾದರೂ ಸರಿ, ಇನ್ನೊಬ್ಬರಿಗೆ ಫೋನ್ ಮಾಡಿ, ತೂಕ ಎಷ್ಟಿದೆ ಎಂದು ಕೇಳದೆ, "ಈ ವರ್ಷದ ರಕ್ತಪರೀಕ್ಷೆ ಆಯಿತಾ?" ಎಂದಷ್ಟೇ ಕೇಳಲಿ.